ಶುಭಂ ಹೋಗಿ ಸಶೇಷ ಬಂತು

2022ರ ಏಪ್ರಿಲ್‌ನಲ್ಲಿ ‘ಕೆಜಿಎಫ್ ಚಾಪ್ಟರ್ 2’ ನೋಡಿ ಮನೆಗೆ ಬಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಕೊನೆಗೆ ಅವನು ಸತ್ತನಾ, ಉಳಿದನಾ?’

ಎರಡೂಮುಕ್ಕಾಲು ಗಂಟೆ ಕೂತು ನೋಡಿ ಬಂದವನಿಗೆ ಉತ್ತರ ಗೊತ್ತಿರಬೇಕಿತ್ತು. ಚಿನ್ನದ ರಾಶಿಯ ಜತೆ ರಾಕಿ ಸಮುದ್ರದ ತಳ ಸೇರಿದ್ದನ್ನು ಕಣ್ಣಾರೆ ನೋಡಿದ್ದೆ. ಆದರೆ ಹೆಸರುಗಳ ಪಟ್ಟಿ ಓಡತೊಡಗಿದ ಮೇಲೆ ಇನ್ನೊಂದು ದೃಶ್ಯ ಬಂದು, ಅದರಲ್ಲಿ ‘ಚಾಪ್ಟರ್ 3’ರ ಹಸ್ತಪ್ರತಿ ಕಾಣಿಸಿಕೊಂಡಿತ್ತು. ಥಿಯೇಟರ್ ತುಂಬ ಶಿಳ್ಳೆ. ಪೊರಕೆ ಹಿಡಿದು ಬಾಗಿಲ ಬಳಿ ಕಾಯುತ್ತಿದ್ದ ಹುಡುಗ ಕೂಡ ಕತ್ತೆತ್ತಿ ನೋಡಿದ. ಹಾಗಾಗಿ ಅಮ್ಮನಿಗೆ ‘ಮುಂದಿನ ಭಾಗ ಬಂದಮೇಲೆ ಹೇಳ್ತೀನಿ’ ಅಂದೆ. ‘ಅದೆಂಥಾ ಸಿನಿಮಾನೋ’ ಎನ್ನುತ್ತಾ ಅಮ್ಮ ತಮ್ಮ ಧಾರಾವಾಹಿಗೆ ವಾಪಸಾದರು. ಅಲ್ಲಿ ಸತ್ತವನೊಬ್ಬ ಬೇರೆ ನಟನ ಮುಖ ಹೊತ್ತುಕೊಂಡು ತಿರುಗಿ ಬಂದಿದ್ದ, ಆ ಮಾತು ಬೇರೆ.

ಹಳೆಯ ಕನ್ನಡ ಸಿನಿಮಾ ಮುಗಿಯುವಾಗ ತೆರೆಯ ಮೇಲೆ ‘ಶುಭಂ’ ಎಂದು ಬರುತ್ತಿತ್ತು. ನಾಯಕ ನಾಯಕಿ ಇಬ್ಬರೂ ಸತ್ತಿದ್ದರೂ ಶುಭಂ. ಅದು ಬರುವ ಮೊದಲೇ ಅರ್ಧ ಥಿಯೇಟರ್ ಎದ್ದು ಬಾಗಿಲ ಕಡೆ ನಡೆದಿರುತ್ತಿತ್ತು. ವಾರಪತ್ರಿಕೆಯ ಧಾರಾವಾಹಿ ಕಾದಂಬರಿಗಳ ಕಂತಿನ ಅಡಿಯಲ್ಲಿ ಬರುತ್ತಿದ್ದದ್ದು ಇನ್ನೊಂದು ಪದ: ‘ಸಶೇಷ’. ಸಿನಿಮಾ ಒಂದು ಪದದಿಂದ ಇನ್ನೊಂದಕ್ಕೆ ಹೇಗೆ ಬಂತು, ಬರುವಾಗ ಕಥೆಯೊಳಗೆ ಏನೇನು ಅದಲುಬದಲಾಯಿತು ಎಂಬುದನ್ನು ಬಿಡಿಸಿ ಹೇಳಲು ಹೊರಟಿದ್ದೇನೆ. ಕಾರಣ ಕಥೆಗಾರರ ಸೋಮಾರಿತನ ಎಂದು ಬಹಳ ಜನ ಬೈಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರಲ್ಲಿ ಹಲವರು ತುಂಬ ಜಾಣರು. ಕಥೆಯ ಒಡೆತನ ಯಾರದು ಎಂಬ ಕಡೆ ನೋಡಿದರೆ ಹೆಚ್ಚು ಅರ್ಥವಾಗುತ್ತದೆ.

ಅಸಲು ಮುಟ್ಟದೆ ಬಡ್ಡಿ ತಿನ್ನುವುದು

ಒಬ್ಬನೇ ನಾಯಕ ಹಲವು ಸಿನಿಮಾಗಳಲ್ಲಿ ಬರುವುದು ನಮಗೆ ಗೊತ್ತಿಲ್ಲದ್ದೇನಲ್ಲ. 1968ರಲ್ಲಿ ದೊರೆ–ಭಗವಾನ್ ‘ಜೇಡರ ಬಲೆ’ ಮಾಡಿದಾಗ ರಾಜ್‌ಕುಮಾರ್ ಸಿ.ಐ.ಡಿ. 999 ಆದರು. ಅದೇ ವರ್ಷ ಗೋವಾಕ್ಕೆ ಹೋದರು, ಮರುವರ್ಷ ಆಪರೇಷನ್ ಜಾಕ್‌ಪಾಟ್, 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್. ನಾಲ್ಕು ಸಿನಿಮಾ, ಪತ್ತೇದಾರ ಒಬ್ಬನೇ. ಆದರೆ ನಾಲ್ಕನೆಯದಕ್ಕೆ ಟಿಕೆಟ್ ಕೊಂಡವನು ಮೊದಲ ಮೂರನ್ನು ನೋಡಿರಲೇಬೇಕು ಎಂದೇನೂ ಇರಲಿಲ್ಲ. ಖಳ ಸಿಕ್ಕಿಬಿದ್ದ, ಕಥೆ ಮುಗಿಯಿತು, ಶುಭಂ. ಇದು ಸರಣಿ. 1962ರಲ್ಲಿ ಶುರುವಾದ ಜೇಮ್ಸ್ ಬಾಂಡ್ ಸಿನಿಮಾಗಳು ಬಹುಕಾಲ ನಡೆದದ್ದೂ ಇದೇ ಹಾದಿಯಲ್ಲಿ.

ಫ್ರಾಂಚೈಸ್ ಎಂಬ ಪದ ವ್ಯಾಪಾರದ್ದು. ಬೋರ್ಡಿನ ಮೇಲಿನ ಹೆಸರು ಒಬ್ಬರದು, ಅಂಗಡಿ ನೂರಾರು. ಯಾವ ಊರಿನಲ್ಲಿ ಹೊಕ್ಕರೂ ಅದೇ ರುಚಿ ಸಿಗಬೇಕು. ಸಿನಿಮಾದಲ್ಲಾದರೆ ಪಾತ್ರಗಳ ಹೆಸರು, ಅವರ ಉಡುಪು, ಅವರಿರುವ ಲೋಕ, ಹಿನ್ನೆಲೆ ಸಂಗೀತದ ಆ ನಾಲ್ಕು ಸ್ವರ ಎಲ್ಲವೂ ಒಂದು ಕಂಪನಿಯ ಸೊತ್ತು. ಆ ಸೊತ್ತಿನಿಂದ ಸಿನಿಮಾ ಬರುತ್ತದೆ, ಓಟಿಟಿ ಸರಣಿ ಬರುತ್ತದೆ, ಆಟಿಕೆ, ವಿಡಿಯೊ ಗೇಮ್, ಟೀಶರ್ಟ್, ಥೀಮ್ ಪಾರ್ಕಿನ ಜಾರುಬಂಡಿ ಬರುತ್ತದೆ. ಸಿನಿಮಾ ಆ ಅಂಗಡಿಗಳ ಸಾಲಿನಲ್ಲಿ ಒಂದು, ದೊಡ್ಡ ಬೋರ್ಡಿನದು.

ಸೊತ್ತು ಎಂದ ಮೇಲೆ ಅದನ್ನು ಕಾಯುವ ನಿಯಮ ನಮ್ಮ ಹಳ್ಳಿಯ ಸಾಹುಕಾರರಿಗೂ ಗೊತ್ತಿತ್ತು: ಬಡ್ಡಿ ತಿನ್ನು, ಅಸಲು ಮುಟ್ಟಬೇಡ. ನಾಯಕ ಸತ್ತರೆ ಅಸಲು ಹೋಯಿತು. ಅವನು ಮದುವೆಯಾಗಿ ಸಂಸಾರಸ್ಥನಾಗಿ ತಣ್ಣಗಾದರೂ ಹೋಯಿತು. ಕಥೆ ಎನ್ನುವುದು ಮೂಲತಃ ಖರ್ಚು ಮಾಡುವ ಕೆಲಸ. ಕೊನೆಯ ಪುಟದಲ್ಲಿ ಕಥೆಗಾರನ ಜೇಬು ಖಾಲಿಯಾಗಿರಬೇಕು. ಫ್ರಾಂಚೈಸ್ ಜೇಬು ಖಾಲಿ ಮಾಡಲು ಬಿಡುವುದಿಲ್ಲ.

ಖಾಲಿ ಡಬ್ಬ ಮಾರಿದ ಕ್ರಿಸ್‌ಮಸ್

ಈ ಲೆಕ್ಕ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 1977ರ ಮೇ ತಿಂಗಳಲ್ಲಿ. ಜಾರ್ಜ್ ಲೂಕಸ್ ಚಿಕ್ಕಂದಿನಲ್ಲಿ ನೋಡಿದ್ದ ‘ಫ್ಲ್ಯಾಶ್ ಗಾರ್ಡನ್’ ಸೀರಿಯಲ್‌ಗಳನ್ನು ಸಿನಿಮಾ ಮಾಡಬೇಕೆಂದಿದ್ದರು; ಹಕ್ಕು ಸಿಗಲಿಲ್ಲ. ಆಗ ಅದೇ ಜಾಡಿನಲ್ಲಿ ತಮ್ಮದೇ ಕಥೆ ಕಟ್ಟಿದರು, ಅದು ‘ಸ್ಟಾರ್ ವಾರ್ಸ್’ ಆಯಿತು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಜತೆ ಒಪ್ಪಂದ ಮಾಡಿಕೊಳ್ಳುವಾಗ ಸಂಭಾವನೆ ಏರಿಸಿಕೊಳ್ಳುವ ಬದಲು ಅವರು ಕೇಳಿದ್ದು ಆಟಿಕೆ, ಟೀಶರ್ಟ್ ಇತ್ಯಾದಿಗಳ ಹಕ್ಕು ಮತ್ತು ಮುಂದಿನ ಭಾಗಗಳ ಹಕ್ಕು. ಸ್ಟುಡಿಯೊದವರು ಅದನ್ನು ಕಡಲೆಬೀಜ ಎಂದುಕೊಂಡು ಕೊಟ್ಟುಬಿಟ್ಟರು.

ಸಿನಿಮಾ ಎಷ್ಟು ಜೋರಾಗಿ ಓಡಿತೆಂದರೆ, ಆ ವರ್ಷದ ಕ್ರಿಸ್‌ಮಸ್‌ಗೆ ಆಟಿಕೆ ತಯಾರಿಸುವ ಕೆನ್ನರ್ ಕಂಪನಿಗೆ ಗೊಂಬೆಗಳನ್ನು ಮಾಡಿ ಮುಗಿಸಲಾಗಲಿಲ್ಲ. ಅವರು ಗೊಂಬೆಯಿಲ್ಲದ ಪೊಟ್ಟಣವನ್ನು ಮಾರಿದರು. ಒಳಗೊಂದು ಚೀಟಿ: ಇದನ್ನು ಅಂಚೆಗೆ ಹಾಕಿದರೆ ಗೊಂಬೆ ಆಮೇಲೆ ಮನೆಗೆ ಬರುತ್ತದೆ. ಮಕ್ಕಳು ಅದನ್ನೂ ಕೊಂಡರು. ಮುಂದಿನ ಭಾಗದ ಭರವಸೆಯನ್ನೇ ಸರಕಾಗಿ ಮಾರುವುದು ಸಿನಿಮಾ ತೆರೆಗೆ ಬಂದದ್ದು ಆಮೇಲೆ. ಆಟಿಕೆ ಅಂಗಡಿಯಲ್ಲಿ ಮೊದಲೇ ನಡೆದುಹೋಗಿತ್ತು.

ಇನ್ನು ಕಥೆಗೆ ಏನಾಯಿತು ನೋಡಿ. ಮೊದಲ ಸಿನಿಮಾದಲ್ಲಿ ಮುದುಕ ಓಬಿ-ವಾನ್, ‘ನಿನ್ನ ಅಪ್ಪನನ್ನು ಕೊಂದವನು ಡಾರ್ತ್ ವೇಡರ್’ ಎಂದು ನಾಯಕ ಲ್ಯೂಕ್‌ಗೆ ಹೇಳುತ್ತಾನೆ. 1980ರ ಎರಡನೇ ಸಿನಿಮಾದಲ್ಲಿ ವೇಡರ್ ತಾನೇ ಅವನ ಅಪ್ಪ ಎನ್ನುತ್ತಾನೆ. ಎರಡನೇ ಸಿನಿಮಾದ ಮೊದಲ ಕರಡಿನಲ್ಲಿ ಈ ತಿರುವು ಇರಲೇ ಇಲ್ಲ. ಅಲ್ಲಿ ಲ್ಯೂಕ್‌ನ ಅಪ್ಪ ಬೇರೆ, ವೇಡರ್ ಬೇರೆ. ಹೊಳೆದದ್ದು ಆಮೇಲೆ, ಮತ್ತು ಅದ್ಭುತವಾಗಿ ಹೊಳೆಯಿತು. ಆದರೆ 1983ರ ಮೂರನೇ ಭಾಗದಲ್ಲಿ ಪಾಪ ಓಬಿ-ವಾನ್‌ನ ಪ್ರೇತ ಬಂದು, ಒಂದು ದೃಷ್ಟಿಯಿಂದ ನೋಡಿದರೆ ತಾನು ಹೇಳಿದ್ದು ಸುಳ್ಳಲ್ಲ ಎಂದು ಸಮಜಾಯಿಷಿ ಕೊಡಬೇಕಾಯಿತು. ಹೊಸ ಭಾಗಕ್ಕಾಗಿ ಹಳೆಯ ಭಾಗದ ಅರ್ಥವನ್ನೇ ತಿದ್ದುವ ಈ ಕಸುಬಿಗೆ ಅಭಿಮಾನಿಗಳು ‘ರೆಟ್‌ಕಾನ್’ ಎನ್ನುತ್ತಾರೆ. ಇಂದು ಫ್ರಾಂಚೈಸ್ ಬರಹಗಾರರ ಅರ್ಧ ಆಯುಸ್ಸು ಇದರಲ್ಲೇ ಕಳೆಯುತ್ತದೆ.

ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. 1977ರಲ್ಲಿ ಬಿಡುಗಡೆಯಾದಾಗ ಆ ಸಿನಿಮಾಕ್ಕೆ ‘ಎಪಿಸೋಡ್ 4’ ಎಂಬ ಸಂಖ್ಯೆ ಇರಲಿಲ್ಲ. 1981ರ ಮರುಬಿಡುಗಡೆಯಲ್ಲಿ ಅದನ್ನು ಸೇರಿಸಿದರು. ತನ್ನಷ್ಟಕ್ಕೆ ಪೂರ್ತಿಯಾಗಿದ್ದ ಕಥೆ ರಾತ್ರೋರಾತ್ರಿ ನಡುವಿನ ಅಧ್ಯಾಯವಾಯಿತು. ಇದನ್ನು ಓದುವಾಗ ನಿಮಗೆ ‘ಕಾಂತಾರ’ ನೆನಪಾಗಿರಬೇಕು. 2022ರ ಸೆಪ್ಟೆಂಬರ್ 30ರಂದು ಬಂದ ಸಿನಿಮಾಕ್ಕೆ ಯಾವ ಸಂಖ್ಯೆಯೂ ಇರಲಿಲ್ಲ. ಅದು ಗೆದ್ದು, ನೂರನೇ ದಿನದ ಸಂಭ್ರಮದಲ್ಲಿ ರಿಷಬ್ ಶೆಟ್ಟಿ ಹೇಳಿದರು: ನೀವು ನೋಡಿದ್ದು ಎರಡನೇ ಭಾಗ, ಮೊದಲನೆಯದು ಇನ್ನು ಬರುತ್ತದೆ. 2025ರ ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ ನಮ್ಮನ್ನು ಕದಂಬರ ಕಾಲಕ್ಕೆ ಕರೆದೊಯ್ದಿತು. ಮಗ ಹುಟ್ಟಿ ಮೂರು ವರ್ಷಕ್ಕೆ ಅಪ್ಪ ಹುಟ್ಟಿದ ಹಾಗೆ.

ಪಾತ್ರಗಳನ್ನು ಗಿರವಿ ಇಟ್ಟ ಕಥೆ

ಲೂಕಸ್ ಒಬ್ಬರೇ ಒಂದು ಲೋಕ ಕಟ್ಟಿದರು. ಇಂದಿನ ಮಾದರಿ ಬಂದದ್ದು ಸಾಲದಿಂದ.

ಮಾರ್ವೆಲ್ ಕಾಮಿಕ್ಸ್ ಕಂಪನಿ 1996ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಕಷ್ಟದ ಆ ದಶಕದಲ್ಲಿ ಒಳ್ಳೊಳ್ಳೆಯ ಪಾತ್ರಗಳ ಸಿನಿಮಾ ಹಕ್ಕುಗಳು ಕೈಬಿಟ್ಟವು: ಸ್ಪೈಡರ್‌ಮ್ಯಾನ್ ಸೋನಿಗೆ, ಎಕ್ಸ್-ಮೆನ್ ಮತ್ತು ಫೆಂಟಾಸ್ಟಿಕ್ ಫೋರ್ ಫಾಕ್ಸ್‌ಗೆ. ಆ ಸಿನಿಮಾಗಳು ಗೆದ್ದಾಗ ಹೆಚ್ಚಿನ ಲಾಭ ಬೇರೆಯವರಿಗೆ ಹೋಗುವುದನ್ನು ಮಾರ್ವೆಲ್ ನೋಡುತ್ತ ಕೂರಬೇಕಾಯಿತು. ಕೊನೆಗೆ 2005ರಲ್ಲಿ ಮೆರಿಲ್ ಲಿಂಚ್ ಮೂಲಕ 52.5 ಕೋಟಿ ಡಾಲರ್ ಸಾಲ ಎತ್ತಿತು. ಅಡಮಾನಕ್ಕೆ ಇಟ್ಟದ್ದು ಜಮೀನಲ್ಲ, ಕಟ್ಟಡವಲ್ಲ. ಕ್ಯಾಪ್ಟನ್ ಅಮೆರಿಕ, ಡಾಕ್ಟರ್ ಸ್ಟ್ರೇಂಜ್, ಬ್ಲ್ಯಾಕ್ ಪ್ಯಾಂಥರ್, ಆ್ಯಂಟ್-ಮ್ಯಾನ್ ಮುಂತಾದ ಹತ್ತು ಹೆಸರುಗಳ ಸಿನಿಮಾ ಹಕ್ಕು. ಮದುವೆಗೆ ಸರ ಗಿರವಿ ಇಡುತ್ತಾರಲ್ಲ, ಹಾಗೆ. ಸಿನಿಮಾ ಸೋತಿದ್ದರೆ ಆ ಹೆಸರುಗಳು ಸಾಲ ಕೊಟ್ಟವರ ಪಾಲಾಗುತ್ತಿದ್ದವು.

2008ರ ಮೇ ತಿಂಗಳಲ್ಲಿ ‘ಐರನ್ ಮ್ಯಾನ್’ ಬಂತು. ಜಾನ್ ಫಾವ್ರೊ ನಿರ್ದೇಶನ, ನಾಯಕ ಟೋನಿ ಸ್ಟಾರ್ಕ್ ಆಗಿ ರಾಬರ್ಟ್ ಡೌನಿ ಜೂನಿಯರ್. ಹೆಸರುಗಳೆಲ್ಲ ಓಡಿ ಮುಗಿದ ಮೇಲೆ ಕತ್ತಲ ಕೋಣೆಯಲ್ಲಿ ನಿಕ್ ಫ್ಯೂರಿಯ ವೇಷದ ಸ್ಯಾಮುಯೆಲ್ ಎಲ್. ಜಾಕ್ಸನ್ ಕಾಣಿಸಿಕೊಂಡು ಅವೆಂಜರ್ಸ್ ಎಂಬ ತಂಡದ ಹೆಸರು ಎತ್ತುತ್ತಾನೆ. ಕೆಲವೇ ಸೆಕೆಂಡಿನ ಆ ತುಣುಕಿನಿಂದ ಸಿನಿಮಾ ನೋಡುವ ಅಭ್ಯಾಸವೇ ಬದಲಾಯಿತು. ಜನ ಎದ್ದು ಹೋಗುವುದನ್ನು ಬಿಟ್ಟರು. 2009ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಮಾರ್ವೆಲನ್ನು ಕೊಂಡಿತು, 2012ರಲ್ಲಿ ಲೂಕಸ್‌ಫಿಲ್ಮ್‌ಗೂ ಹೆಚ್ಚುಕಡಿಮೆ ಅಷ್ಟೇ ಕೊಟ್ಟಿತು. ಅದೇ ವರ್ಷ ಬೇರೆ ಬೇರೆ ಸಿನಿಮಾಗಳ ನಾಯಕರೆಲ್ಲ ಒಂದೇ ಚಿತ್ರದಲ್ಲಿ ಕೂಡಿದ ‘ದಿ ಅವೆಂಜರ್ಸ್’ ಬಂದು ಗಲ್ಲಾಪೆಟ್ಟಿಗೆ ತುಂಬಿಸಿತು. ಇದಕ್ಕೆ ಸಿಕ್ಕ ಹೆಸರು ಸಿನಿಮ್ಯಾಟಿಕ್ ಯೂನಿವರ್ಸ್.

ಆಮೇಲೆ ಎಲ್ಲರಿಗೂ ಯೂನಿವರ್ಸ್ ಬೇಕಾಯಿತು. 2017ರಲ್ಲಿ ಯೂನಿವರ್ಸಲ್ ಸ್ಟುಡಿಯೊ ‘ಡಾರ್ಕ್ ಯೂನಿವರ್ಸ್’ ಎಂದು ಘೋಷಿಸಿ, ಲೋಗೊ ಮಾಡಿಸಿ, ಟಾಮ್ ಕ್ರೂಸ್, ಜಾನಿ ಡೆಪ್ ಮೊದಲಾದವರನ್ನು ಸೇರಿಸಿದ ಗ್ರೂಪ್ ಫೋಟೊ ಬಿಡುಗಡೆ ಮಾಡಿತು. ಮೊದಲ ಚಿತ್ರ ‘ದಿ ಮಮ್ಮಿ’ ನೆಲಕಚ್ಚಿತು. ಎರಡನೆಯದು ಬರಲಿಲ್ಲ. ಮನೆ ಕಟ್ಟುವ ಮೊದಲೇ ಗೃಹಪ್ರವೇಶದ ಕರೆಯೋಲೆ ಹಂಚಿದ್ದರು.

ಸಾವಿಗೆ ಬೆಲೆ ಇಲ್ಲವಾದದ್ದು

ಈಗ ಕಥೆಯ ಒಳಗೆ ಬರೋಣ. ಬದಲಾದದ್ದರಲ್ಲಿ ದೊಡ್ಡದು ಸಾವು.

2018ರ ಫೆಬ್ರವರಿಯಲ್ಲಿ ಬಂದ ‘ಬ್ಲ್ಯಾಕ್ ಪ್ಯಾಂಥರ್’ ಜಗತ್ತಿನಾದ್ಯಂತ 130 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಅದು ಬಂದು ಹತ್ತು ವಾರಕ್ಕೆ ‘ಅವೆಂಜರ್ಸ್: ಇನ್ಫಿನಿಟಿ ವಾರ್’ ಬಂತು. ಅದರ ಕೊನೆಯಲ್ಲಿ ಖಳ ಥಾನೋಸ್ ಚಿಟಿಕೆ ಹೊಡೆಯುತ್ತಾನೆ, ಬ್ರಹ್ಮಾಂಡದ ಅರ್ಧ ಜೀವರಾಶಿ ಬೂದಿಯಾಗುತ್ತದೆ. ಬೂದಿಯಾದವರಲ್ಲಿ ಬ್ಲ್ಯಾಕ್ ಪ್ಯಾಂಥರ್ ಇದ್ದ. ಹರೆಯದ ಹುಡುಗ ಸ್ಪೈಡರ್‌ಮ್ಯಾನ್ ಇದ್ದ. ಟೋನಿ ಸ್ಟಾರ್ಕ್‌ನನ್ನು ಅಪ್ಪಿಕೊಂಡು, ತನಗೆ ಹೋಗಲು ಇಷ್ಟವಿಲ್ಲ ಎಂದು ಅಳುತ್ತಲೇ ಕರಗಿಹೋದ. ಥಿಯೇಟರಿನಲ್ಲಿ ಮಕ್ಕಳು ಬಿಕ್ಕುತ್ತಿದ್ದರು. ಪಕ್ಕದಲ್ಲಿ ಕೂತ ದೊಡ್ಡವರಿಗೆ ಮಾತ್ರ ಗೊತ್ತಿತ್ತು: ಸ್ಪೈಡರ್‌ಮ್ಯಾನ್‌ನ ಮುಂದಿನ ಸಿನಿಮಾ 2019ರ ಜುಲೈಗೆ ಎಂದು ಆಗಲೇ ಪ್ರಕಟವಾಗಿತ್ತು.

ಬಿಡುಗಡೆಯ ಕ್ಯಾಲೆಂಡರ್ ಚಿತ್ರಕಥೆಗಿಂತ ದೊಡ್ಡ ಬರಹಗಾರನಾದದ್ದು ಹೀಗೆ. ‘ಇವನು ಉಳಿಯುತ್ತಾನಾ?’ ಎಂಬ ಆತಂಕ ಹೋಗಿ ‘ಇವನನ್ನು ಹೇಗೆ ವಾಪಸ್ ತರುತ್ತಾರೆ?’ ಎಂಬ ಕುತೂಹಲ ಬಂತು. ಎರಡೂ ನಮ್ಮನ್ನು ಕುರ್ಚಿಯ ಅಂಚಿಗೆ ತರಬಲ್ಲವು, ಆದರೆ ಒಂದು ಎದೆಯದು, ಇನ್ನೊಂದು ಪದಬಂಧ ಬಿಡಿಸುವವರದು. ವಾಪಸ್ ತರಲು ಯಂತ್ರಗಳು ಬೇಕು, ಹಾಗಾಗಿ ಕಾಲಯಾನ ಬಂತು, ಆಮೇಲೆ ಮಲ್ಟಿವರ್ಸ್ ಬಂತು. ಎಷ್ಟು ಲೋಕ ಬೇಕಾದರೂ ಇವೆ, ಈ ಲೋಕದಲ್ಲಿ ಸತ್ತವನು ಆ ಲೋಕದಲ್ಲಿ ಇದ್ದಾನೆ ಎನ್ನುವುದು ಕೇಳಲು ತತ್ತ್ವಶಾಸ್ತ್ರದಂತಿದೆ. ನನಗದು ವಕೀಲರ ಕಾಗದಪತ್ರದಂತೆ ಕಾಣುತ್ತದೆ. 2019ರಲ್ಲಿ ಡಿಸ್ನಿ ಫಾಕ್ಸನ್ನು ಕೊಂಡಾಗ ಎಕ್ಸ್-ಮೆನ್ ಹಕ್ಕುಗಳು ಮರಳಿ ಮನೆ ಸೇರಿದವು. ಬೇರೆ ಮಾಲೀಕರ ಕೈಯಲ್ಲಿ ಬೆಳೆದ ಆ ಪಾತ್ರಗಳನ್ನು ಕಥೆಯೊಳಗೆ ತರಲು ಮಲ್ಟಿವರ್ಸ್‌ನಷ್ಟು ಅನುಕೂಲವಾದ ಬಾಗಿಲು ಇನ್ನೊಂದಿಲ್ಲ.

ಇದರ ತುತ್ತತುದಿ ಎಕ್ಸ್-ಮೆನ್ ತಂಡದ ವುಲ್ವರಿನ್. 2017ರ ‘ಲೋಗನ್’ ಸಿನಿಮಾದಲ್ಲಿ ಅವನು ವಯಸ್ಸಾಗಿ, ಗಾಯಗೊಂಡು, ನಿಜವಾಗಿ ಸತ್ತ. ಮಣ್ಣು ಮಾಡಿದ ಗುಡ್ಡೆಯ ಮೇಲೆ ಒಂದು ಹುಡುಗಿ ಶಿಲುಬೆಯನ್ನು ಓರೆ ಮಾಡಿ ಎಕ್ಸ್ ಆಗಿಸುತ್ತಾಳೆ. ಈ ಪ್ರಕಾರದ ಸಿನಿಮಾಗಳಲ್ಲಿ ಅಷ್ಟು ಗೌರವದ ಮುಕ್ತಾಯ ನಾನು ಕಂಡಿಲ್ಲ. 2024ರ ‘ಡೆಡ್‌ಪೂಲ್ ಆ್ಯಂಡ್ ವುಲ್ವರಿನ್’ ಶುರುವಾಗುವುದೇ ಆ ಸಮಾಧಿಯನ್ನು ಅಗೆಯುವುದರಿಂದ. ಡೆಡ್‌ಪೂಲ್ ಅಸ್ಥಿಪಂಜರವನ್ನು ಹೊರಗೆಳೆದು, ಅದರ ಮೂಳೆಗಳನ್ನೇ ಆಯುಧ ಮಾಡಿಕೊಂಡು, ಹಾಡಿಗೆ ಕುಣಿಯುತ್ತ ಹೊಡೆದಾಡುತ್ತಾನೆ. ತಾವು ಮಾಡುತ್ತಿರುವುದೇನೆಂದು ಅವರಿಗೆ ಚೆನ್ನಾಗಿ ಗೊತ್ತು, ಗೊತ್ತಿದೆ ಎಂಬುದೇ ಜೋಕು. ನಾನೂ ನಕ್ಕೆ. ಆ ಸಿನಿಮಾ ಕೂಡ 130 ಕೋಟಿ ಡಾಲರ್ ದಾಟಿತು.

ಹೋಂವರ್ಕ್

ಎರಡನೆಯ ಬದಲಾವಣೆ, ಸಿನಿಮಾ ತನ್ನ ಕಾಲ ಮೇಲೆ ತಾನು ನಿಲ್ಲುವುದನ್ನು ಬಿಟ್ಟದ್ದು. 2016ರ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ನಲ್ಲಿ ಒಂದು ದೃಶ್ಯವಿದೆ. ಹೊಡೆದಾಟ ಹತ್ತಿರ ಬಂದಿರುವಾಗ ವಂಡರ್ ವುಮನ್ ಲ್ಯಾಪ್‌ಟಾಪ್ ತೆರೆದು ಈಮೇಲ್ ನೋಡುತ್ತಾಳೆ. ಅದರಲ್ಲಿ ಫ್ಲ್ಯಾಶ್, ಆಕ್ವಾಮ್ಯಾನ್, ಸೈಬಾರ್ಗ್ ಇವರ ವಿಡಿಯೊ ತುಣುಕುಗಳು, ಒಬ್ಬೊಬ್ಬರಿಗೂ ಒಂದೊಂದು ಲೋಗೊ ಸಮೇತ. ಕಥೆಗೆ ಅದರಿಂದ ಏನೂ ಆಗಬೇಕಿಲ್ಲ. ಮುಂದೆ ಬರಲಿರುವ ಸಿನಿಮಾಗಳ ಜಾಹೀರಾತನ್ನು ನಾಯಕಿ ನಮ್ಮ ಪರವಾಗಿ ನೋಡುತ್ತಿದ್ದಾಳೆ, ಅಷ್ಟೆ.

ಮುಂದಿನದಕ್ಕೆ ಜಾಹೀರಾತು ಒಂದು ಕಡೆ, ಹಿಂದಿನದಕ್ಕೆ ಹೋಂವರ್ಕ್ ಇನ್ನೊಂದು ಕಡೆ. ಡಿಸ್ನಿ ತನ್ನ ಓಟಿಟಿ ಶುರುಮಾಡಿದ ಮೇಲೆ, 2021 ಮತ್ತು 2022ರ ಎರಡೇ ವರ್ಷದಲ್ಲಿ ಮಾರ್ವೆಲ್ ಏಳು ಸಿನಿಮಾ, ಎಂಟು ಸರಣಿ ಬಿಟ್ಟಿತು. 2022ರ ಡಾಕ್ಟರ್ ಸ್ಟ್ರೇಂಜ್ ಸಿನಿಮಾದಲ್ಲಿ ವಾಂಡಾ ಯಾಕೆ ಹುಚ್ಚಳಂತೆ ಮಕ್ಕಳನ್ನು ಹುಡುಕುತ್ತಾಳೆ ಎಂದು ತಿಳಿಯಲು ‘ವಾಂಡಾವಿಷನ್’ ಸರಣಿ ನೋಡಿರಬೇಕು. 2023ರ ‘ದಿ ಮಾರ್ವೆಲ್ಸ್’ನ ಮೂವರು ನಾಯಕಿಯರ ಪರಿಚಯವಾಗಲು ಒಂದು ಸಿನಿಮಾ, ಎರಡು ಸರಣಿ ಮುಗಿಸಿರಬೇಕು. ಜನ ಅದಕ್ಕೆ ಹೋಗಲಿಲ್ಲ. ಮಾರ್ವೆಲ್ ಸ್ಟುಡಿಯೊದ ಈ ಲೋಕದ ಸಿನಿಮಾಗಳಲ್ಲೇ ಕಡಿಮೆ ಗಳಿಕೆ ಅದರದ್ದಾಯಿತು. ನೆಂಟರ ಮದುವೆಗೆ ಹೋದಾಗ ಯಾರು ಯಾರಿಗೆ ಏನಾಗಬೇಕು ಎಂದು ಕೇಳಿಕೊಂಡೇ ಊಟ ಮುಗಿಯುತ್ತದಲ್ಲ, ಅಂಥ ಸುಸ್ತು ಅದು.

ಅರ್ಧ ಕಥೆ ಹೇಳಿ ನಿಲ್ಲಿಸುವುದು ಇದರ ತಮ್ಮ. ಹ್ಯಾರಿ ಪಾಟರ್‌ನ ಕೊನೆಯ ಕಾದಂಬರಿಯನ್ನು 2010 ಮತ್ತು 2011ರಲ್ಲಿ ಎರಡು ಸಿನಿಮಾ ಮಾಡಿದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು. ನಮ್ಮ ಕಡೆ ಇದರ ಬಲ ಗೊತ್ತಾದದ್ದು 2015ರಲ್ಲಿ, ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಎಂಬ ಪ್ರಶ್ನೆಯಿಂದ. ಎರಡು ವರ್ಷ ಇಡೀ ದೇಶ ಆ ಪ್ರಶ್ನೆಯನ್ನು ಪುಕ್ಕಟೆಯಾಗಿ ಪ್ರಚಾರ ಮಾಡಿತು. 2017ರ ಏಪ್ರಿಲ್‌ನಲ್ಲಿ ಉತ್ತರ ಬರುವ ಹೊತ್ತಿಗೆ ಕರ್ನಾಟಕದಲ್ಲಿ ಇನ್ನೊಂದು ಪ್ರಶ್ನೆ ಎದ್ದಿತ್ತು: ಕಟ್ಟಪ್ಪನ ಪಾತ್ರಧಾರಿ ಸತ್ಯರಾಜ್ ಒಂಬತ್ತು ವರ್ಷದ ಹಿಂದೆ ಕಾವೇರಿ ವಿಷಯದಲ್ಲಿ ಆಡಿದ ಮಾತು. ಕನ್ನಡ ಸಂಘಟನೆಗಳು ಬಿಡುಗಡೆ ತಡೆಯುತ್ತೇವೆ ಎಂದವು, ಬಿಡುಗಡೆಗೆ ಒಂದು ವಾರ ಇರುವಾಗ ಸತ್ಯರಾಜ್ ವಿಷಾದ ವ್ಯಕ್ತಪಡಿಸಿದರು, ಸಿನಿಮಾ ಬಂತು. ಅರ್ಧ ಕಥೆ ಕೇಳಿದ ಪ್ರೇಕ್ಷಕ ಎಷ್ಟು ಗಟ್ಟಿಯಾಗಿ ಕಟ್ಟಿಬಿದ್ದಿರುತ್ತಾನೆ ಎಂಬುದು ಆ ವಾರ ಎರಡೂ ಕಡೆಯವರಿಗೆ ಗೊತ್ತಿತ್ತು.

ನಿರ್ದೇಶಕನ ಸ್ಥಾನವೂ ಸಣ್ಣದಾಯಿತು. ‘ಆ್ಯಂಟ್-ಮ್ಯಾನ್’ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಎಡ್ಗರ್ ರೈಟ್ 2014ರಲ್ಲಿ, ಚಿತ್ರೀಕರಣಕ್ಕೆ ಮೊದಲೇ, ಹೊರನಡೆದರು. ಒಂದು ಕೊಂಡಿ ತನ್ನಿಷ್ಟದ ಆಕಾರ ತಾಳಿದರೆ ಸರಪಳಿಗೆ ಹೊಂದುವುದಿಲ್ಲ. ಇಲ್ಲಿ ಮಾತ್ರ ನಮ್ಮ ಫ್ರಾಂಚೈಸ್‌ಗಳು ಬೇರೆ. ಪ್ರಶಾಂತ್ ನೀಲ್ ಇಲ್ಲದ ಕೆಜಿಎಫ್, ರಿಷಬ್ ಇಲ್ಲದ ಕಾಂತಾರ ನಾವು ಇನ್ನೂ ನೋಡಿಲ್ಲ. ಹೊಂಬಾಳೆಯಂಥ ಸಂಸ್ಥೆಯ ಸೊತ್ತಾಗಿದ್ದರೂ ಕಥೆಯ ಮೇಲೆ ಒಬ್ಬರ ಕೈಬೆರಳಿನ ಗುರುತು ಉಳಿದಿದೆ. ಕೆಜಿಎಫ್‌ನ ನಿರೂಪಕನನ್ನೇ ನೋಡಿ. ಮೊದಲ ಭಾಗದಲ್ಲಿ ಕಥೆ ಹೇಳಿದ್ದು ಅನಂತ್ ನಾಗ್, ಎರಡನೆಯದರಲ್ಲಿ ಪ್ರಕಾಶ್ ರಾಜ್. ನಟ ಬದಲಾದದ್ದನ್ನು ಮುಚ್ಚಿಡದೆ, ಮಗ ಅಪ್ಪನ ಕಥೆ ಮುಂದುವರಿಸುತ್ತಿದ್ದಾನೆ ಎಂದು ಅದನ್ನೇ ಕಥೆ ಮಾಡಿಕೊಂಡರು. ಆ ಚುರುಕುತನ ನನಗೆ ಹಿಡಿಸಿತು.

ಹಾಗಾದರೆ ರಾಮಾಯಣ?

ಇಷ್ಟೆಲ್ಲ ಹೇಳಿದ ಮೇಲೆ ಯಾರಾದರೂ ಕೇಳುವ ಪ್ರಶ್ನೆ ಇದು: ನಾವೇನು ಹೊಸ ಕಥೆ ಕೇಳಿ ಬೆಳೆದವರಾ? ಅದೇ ರಾಮ, ಅದೇ ರಾವಣ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಎಂದು ಕುಮಾರವ್ಯಾಸ ಆ ಕಾಲಕ್ಕೇ ಚಟಾಕಿ ಹಾರಿಸಿದ್ದಾನೆ. ಫ್ರಾಂಚೈಸ್ ಸುಸ್ತಿನ ಬಗ್ಗೆ ಕನ್ನಡದ ಮೊದಲ ದೂರು ಅದೇ ಇರಬೇಕು.

ಪ್ರಶ್ನೆ ನ್ಯಾಯವಾದದ್ದು. ವ್ಯತ್ಯಾಸ ನನಗೆ ಎರಡು ಕಡೆ ಕಾಣುತ್ತದೆ.

ಒಂದು, ಆ ಕಥೆಗೆ ಒಡೆಯನಿಲ್ಲ. ನಾಗಚಂದ್ರನ ರಾಮಾಯಣದಲ್ಲಿ ಜೈನ ಪರಂಪರೆಯಂತೆ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ವಾಲ್ಮೀಕಿಯ ವಾರಸುದಾರರು ಯಾರೂ ಬಂದು ಇದು ಅಧಿಕೃತವಲ್ಲ ಎಂದು ಮೊಹರು ಹಾಕಲಿಲ್ಲ. 2014ರಲ್ಲಿ ಲೂಕಸ್‌ಫಿಲ್ಮ್ ಹಾಗೆ ಮೊಹರು ಹಾಕಿತು. ದಶಕಗಟ್ಟಲೆ ಲೇಖಕರು ಪರವಾನಗಿ ಪಡೆದು ಬರೆದ ಸ್ಟಾರ್ ವಾರ್ಸ್ ಕಾದಂಬರಿ, ಕಾಮಿಕ್ಸ್‌ಗಳಿಗೆಲ್ಲ ‘ಲೆಜೆಂಡ್ಸ್’ ಎಂಬ ಹಣೆಪಟ್ಟಿ ಹಚ್ಚಿ, ಇನ್ನು ಇವು ಲೆಕ್ಕಕ್ಕಿಲ್ಲ ಎಂದಿತು. ಹೊಸ ಸಿನಿಮಾಗಳಿಗೆ ಜಾಗ ಬೇಕಿತ್ತು.

ಇನ್ನೊಂದು, ಕೊನೆ. ಯಕ್ಷಗಾನದಲ್ಲಿ ವಾಲಿವಧೆ ನೋಡಲು ಕೂತವರಿಗೆಲ್ಲ ವಾಲಿ ಸಾಯುತ್ತಾನೆಂದು ಗೊತ್ತು. ಬಾಣ ನಾಟಿದ ಮೇಲೂ ಅರ್ಧಗಂಟೆ ರಾಮನ ಜತೆ ಅವನು ಮಾಡುವ ವಾದಕ್ಕೇ ಜನ ಕಾದಿರುತ್ತಾರೆ. ಆಮೇಲೆ ಸಾಯುತ್ತಾನೆ. ಬೆಳಗಿನ ಜಾವ ಭಾಗವತರು ಮಂಗಳ ಹಾಡುತ್ತಾರೆ, ವಾಲಿಯ ವೇಷಧಾರಿ ಚೌಕಿಯಲ್ಲಿ ಬಣ್ಣ ಒರೆಸಿಕೊಂಡು ಚಹಾ ಕುಡಿಯುತ್ತಾನೆ. ನಾಳೆ ಇನ್ನೊಂದು ಊರಿನಲ್ಲಿ ಮತ್ತೆ ಸಾಯುತ್ತಾನೆ. ಎದ್ದು ಬಂದದ್ದು ಕಲಾವಿದ, ವಾಲಿಯಲ್ಲ. ಪ್ರತಿ ರಾತ್ರಿಯೂ ಕಥೆ ಪೂರ್ತಿ ಖರ್ಚಾಗುತ್ತದೆ, ಮರುದಿನ ಪೂರ್ತಿಯಾಗಿ ಮತ್ತೆ ಶುರುವಾಗುತ್ತದೆ.

ಈ ಎರಡು ಲೋಕಗಳು ಈಗ ಒಂದಕ್ಕೊಂದು ತಾಗುತ್ತಿವೆ. 2025ರ ಜುಲೈನಲ್ಲಿ ಹೊಂಬಾಳೆ ಅರ್ಪಿಸಿದ ಅನಿಮೇಷನ್ ಚಿತ್ರ ‘ಮಹಾವತಾರ್ ನರಸಿಂಹ’ ಒಂದು ಯೂನಿವರ್ಸ್‌ನ ಮೊದಲ ಕಂತು. ಅವತಾರಗಳ ಪಟ್ಟಿ ಎರಡು ವರ್ಷಕ್ಕೊಂದರಂತೆ 2037ರ ಕಲ್ಕಿಯ ತನಕ ಘೋಷಣೆಯಾಗಿದೆ. ದಶಾವತಾರಕ್ಕೂ ಬಿಡುಗಡೆಯ ಕ್ಯಾಲೆಂಡರ್ ಬಂತು. ಕಾಂತಾರದ ವಿಷಯ ಇನ್ನೂ ನಾಜೂಕು. ಪಂಜುರ್ಲಿ, ಗುಳಿಗ ಯಾರೋ ಕೂತು ಸೃಷ್ಟಿಸಿದ ಪಾತ್ರಗಳಲ್ಲ, ತುಳುನಾಡಿನ ಮನೆಮನೆಗಳು ಇವತ್ತಿಗೂ ನಂಬುವ ದೈವಗಳು. ಅವರ ಕಥೆ ಇರುವುದು ಪಾಡ್ದನಗಳೆಂಬ ತುಳು ಹಾಡುಗಳಲ್ಲಿ. ಎರಡನೇ ಸಿನಿಮಾ ಬಂದಾಗ ಅಭಿಮಾನಿಗಳು ಥಿಯೇಟರುಗಳಲ್ಲಿ ದೈವದ ವೇಷ ಹಾಕಿ, ಆವೇಶ ಬಂದವರಂತೆ ಕುಣಿದರು. ಹಾಗೆ ಅನುಕರಿಸಬೇಡಿ ಎಂದು ನಿರ್ಮಾಣ ಸಂಸ್ಥೆಯೇ ಕೈಮುಗಿದು ಕೇಳಿಕೊಳ್ಳಬೇಕಾಯಿತು. ಅಮೆರಿಕದಲ್ಲಿ ಕಾಸ್‌ಪ್ಲೇ ಎಂದು ಕಂಪನಿಗಳೇ ಹುರಿದುಂಬಿಸುವ ಕೆಲಸ ಇಲ್ಲಿ ಅಪಚಾರವಾಗುತ್ತದೆ. ಪಾತ್ರದ ಒಡೆತನ ಕಂಪನಿಯದಲ್ಲ ಎಂದು ಕಂಪನಿಯೇ ಒಪ್ಪಿಕೊಂಡ ಅಪರೂಪದ ಗಳಿಗೆ ಅದು.

ಟೋನಿ ಸ್ಟಾರ್ಕ್ ಸತ್ತನಾ?

ಫ್ರಾಂಚೈಸ್‌ನಿಂದ ಬರೀ ನಷ್ಟವೇ ಆಯಿತು ಎಂದರೆ ನಾನು ಅಪ್ರಾಮಾಣಿಕನಾಗುತ್ತೇನೆ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ನಲ್ಲಿ ಟೋನಿ ಸ್ಟಾರ್ಕ್ ಸತ್ತಾಗ ಆದ ಸಂಕಟ ಎರಡು ಗಂಟೆಯ ಒಂಟಿ ಸಿನಿಮಾ ಹುಟ್ಟಿಸಬಲ್ಲದ್ದಲ್ಲ. ಅದರ ಹಿಂದೆ ಹನ್ನೊಂದು ವರ್ಷ, ಅದನ್ನೂ ಸೇರಿಸಿ 22 ಸಿನಿಮಾಗಳ ಒಡನಾಟವಿತ್ತು. ಹುಡುಗರು ಪಿಯುಸಿಯಲ್ಲಿ ನೋಡಲು ಶುರುಮಾಡಿ, ಮದುವೆಯಾದ ಮೇಲೆ ಮುಗಿಸಿದರು. ಆ ಸಿನಿಮಾದ ಕೊನೆಯಲ್ಲಿ ಮುಂದಿನ ಭಾಗದ ತುಣುಕು ಇರಲಿಲ್ಲ. ಕತ್ತಲ ತೆರೆಯ ಮೇಲೆ ಲೋಹಕ್ಕೆ ಸುತ್ತಿಗೆ ಬಡಿಯುವ ಸದ್ದು ಮಾತ್ರ: 2008ರಲ್ಲಿ ಗುಹೆಯೊಳಗೆ ಟೋನಿ ತನ್ನ ಮೊದಲ ಕವಚ ಬಡಿದ ಸದ್ದು. ಹಾಲಿವುಡ್‌ನ ಭಾಷೆಯಲ್ಲಿ ಅದೇ ಶುಭಂ.

ಅದು ಬಾಳಿದ್ದು ಕೆಲವು ದಿನ. ಸಿನಿಮಾ ಇನ್ನೂ ಓಡುತ್ತಿರುವಾಗಲೇ, ಮೇ ಮೊದಲ ವಾರದಲ್ಲಿ, ಮುಂದಿನ ಸ್ಪೈಡರ್‌ಮ್ಯಾನ್‌ನ ಟ್ರೇಲರ್ ಬಂತು.

ಆ ಮೇಲಿನ ವರ್ಷಗಳಲ್ಲಿ ಸುಸ್ತು ಎದ್ದು ಕಂಡಿತು. ಸಂಖ್ಯೆ ಹೆಚ್ಚಾಗಿ ಗುಣ ತೆಳುವಾಯಿತು ಎಂದು ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ತಾವೇ ಒಪ್ಪಿಕೊಂಡು, ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಮಾರ್ವೆಲ್ ಸಿನಿಮಾ ಎಂದರು. ಇನ್ನೊಂದು ಮದ್ದು 2024ರ ಜುಲೈನಲ್ಲಿ, ಸ್ಯಾನ್ ಡಿಯಾಗೊದ ಕಾಮಿಕ್ ಕಾನ್ ವೇದಿಕೆಯ ಮೇಲೆ ಹೊರಬಂತು. ಹಸಿರು ನಿಲುವಂಗಿ, ಲೋಹದ ಮುಖವಾಡ ತೊಟ್ಟವನೊಬ್ಬ ಮುಖವಾಡ ತೆಗೆದ. ರಾಬರ್ಟ್ ಡೌನಿ ಜೂನಿಯರ್. ಈ ಸಲ ಐರನ್ ಮ್ಯಾನ್ ಅಲ್ಲ, ಖಳನಾಯಕ ಡಾಕ್ಟರ್ ಡೂಮ್. ಸಿನಿಮಾ 2026ರ ಡಿಸೆಂಬರ್‌ಗೆ ಎಂದು ನಿಗದಿಯಾಯಿತು.

ಈ ವಿಷಯವನ್ನು ಮೊನ್ನೆ ಊಟದ ಹೊತ್ತಿನಲ್ಲಿ ಅಮ್ಮನಿಗೆ ಹೇಳಿದೆ. ಸತ್ತವನ ಪಾತ್ರ ಮಾಡಿದ್ದವನೇ ಈಗ ಬೇರೆ ವೇಷ ಕಟ್ಟಿ ಬರುತ್ತಿದ್ದಾನೆ ಅಂದೆ. ‘ಅದರಲ್ಲೇನು, ಮೇಳದಲ್ಲಿ ದಿನಾ ನಡೆಯೋದೇ’ ಅಂದರು. ಅಷ್ಟು ಸರಳ ಇಲ್ಲ, ಜಗತ್ತಿನ ತುಂಬ ಜನ ಇವನು ಅವನೇನಾ, ಇನ್ನೊಂದು ಲೋಕದ ಅವನಾ ಎಂದು ಜಗಳ ಆಡುತ್ತಿದ್ದಾರೆ, ಕಂಪನಿಯವರಿಗೆ ಬೇಕಾದ್ದೂ ಅದೇ ಎಂದು ವಿವರಿಸಿದೆ. ಅಮ್ಮ ಸಾರಿನ ಸೌಟು ಹಿಡಿದೇ ಸ್ವಲ್ಪ ಯೋಚಿಸಿದರು.

‘ಹಂಗಾದ್ರೆ ಆ ಮೊದಲನೆಯವನು ಸತ್ತನಾ, ಉಳಿದನಾ?’